ಮಗುವಿನ ಪರವಾಗಿ ಆಡುವ ಮಾತು: ವಿಶೇಷ ಅಗತ್ಯದ ಮಕ್ಕಳ ಪೋಷಕರು ಮತ್ತು ಅವರ ವಕಾಲತ್ತು

ವಕಾಲತ್ತು ಎಂಬುದು ಕೋರ್ಟಿನ ಮಾತು. ಕಕ್ಷಿದಾರ ಒಂದು ಹಾಳೆಗೆ ಸಹಿ ಹಾಕಿ, ತನ್ನ ಪರವಾಗಿ ಇಂಥವರು ಮಾತಾಡುತ್ತಾರೆ ಎಂದು ಒಪ್ಪಿಕೊಟ್ಟರೆ ಅದು ವಕಾಲತ್ತುನಾಮೆ. ವಿಶೇಷ ಅಗತ್ಯವಿರುವ ಮಗುವಿನ ತಂದೆತಾಯಿ ಮಾಡುವ ವಕಾಲತ್ತಿಗೆ ಅಂಥ ಹಾಳೆ ಇಲ್ಲ. ಮಗು ಸಹಿ ಹಾಕಿರುವುದಿಲ್ಲ. ಎಷ್ಟೋ ಸಲ ಅದಕ್ಕೆ ಮಾತೇ ಬಂದಿರುವುದಿಲ್ಲ. ಆದರೂ ಅಂಗನವಾಡಿಯಿಂದ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೊಠಡಿಯವರೆಗೆ, ಜಿಲ್ಲಾ ಆಸ್ಪತ್ರೆಯ ವೈದ್ಯರಿಂದ ಜಿಲ್ಲಾಧಿಕಾರಿ ಕಚೇರಿಯವರೆಗೆ ಅದರ ಪರವಾಗಿ ಯಾರಾದರೂ ಬಾಯಿ ತೆರೆಯಲೇಬೇಕು. ದೂರದಿಂದ ನೋಡಿದವರಿಗೆ ಇದು ಜಗಳದ ಹಾಗೆ ಕಾಣುವುದುಂಟು. ಹತ್ತಿರ ಹೋದರೆ ಇದರ ಬಹುಪಾಲು ವರ್ಣನೆಯ ಕೆಲಸ ಎಂಬುದು ತಿಳಿಯುತ್ತದೆ: ಈ ಮಗುವಿನ ಕೈಲಿ ಏನು ಆಗುತ್ತದೆ, ಏನು ಆಗುವುದಿಲ್ಲ, ಯಾವಾಗ, ಎಷ್ಟು ಹೊತ್ತು, ಏನು ಮಾಡಿದರೆ ಸುಧಾರಿಸುತ್ತದೆ. ಇದು ತಂದೆತಾಯಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿದ್ದದ್ದನ್ನು ಕಾಗದಕ್ಕಿಳಿಸುವವರು ಮಾತ್ರ ಕಡಿಮೆ.

ಕಡಿಮೆಯಾಗಲು ಕಾರಣವಿದೆ. ಮನೆಯ ಮಾತಿನಲ್ಲಿ ವರ್ಣನೆಯ ಜಾಗದಲ್ಲಿ ಸಮಾಧಾನವಿರುತ್ತದೆ: ‘ಸ್ವಲ್ಪ ನಿಧಾನ ಅಷ್ಟೆ’, ‘ಅವರಪ್ಪನೂ ಐದು ವರ್ಷಕ್ಕೆ ಮಾತಾಡಿದ್ದು’. ಶಾಲೆಯ ಮಾತಿನಲ್ಲಿ ದೂರು ಇರುತ್ತದೆ: ‘ಮೇಡಂ, ನಿಮ್ಮ ಹುಡುಗ ಒಂದು ಕಡೆ ಕೂರೋದೇ ಇಲ್ಲ.’ ಆಸ್ಪತ್ರೆಯ ಚೀಟಿಯಲ್ಲಿ ಒಂದು ಹೆಸರು, ಪಕ್ಕದಲ್ಲಿ ಒಂದು ಶೇಕಡ. ಇವು ಮೂರನ್ನೂ ಕೂಡಿಸಿ ಓದಿದರೂ ನಾಳೆ ಬೆಳಗ್ಗೆ ಮೊದಲ ಪೀರಿಯಡ್ಡಿನಲ್ಲಿ ಟೀಚರು ಏನು ಮಾಡಬೇಕೆಂದು ತಿಳಿಯುವುದಿಲ್ಲ. ಈ ನಡುವೆ ಮಕ್ಕಳನ್ನು ಕರೆಯುವ ಪದ ಮಾತ್ರ ಬದಲಾಗುತ್ತ ಬಂದಿದೆ: ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ. ಬೋರ್ಡಿನ ಮೇಲಿನ ಪದ ಬದಲಾದಷ್ಟು ಬೇಗ ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ದಾರಿ ಬಂದಿದ್ದರೆ ಅರ್ಧ ಅರ್ಜಿಗಳೇ ಬೇಕಿರಲಿಲ್ಲ.

ಕಾನೂನು ಬಂದ ದಾರಿ

ಕಿವುಡ ಮತ್ತು ಕುರುಡ ಮಕ್ಕಳ ಶಾಲೆಗಳು ಭಾರತಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲೇ ಮಿಷನರಿಗಳ ಮೂಲಕ ಬಂದವು. ಮೈಸೂರಿನ ಶಾಲೆ 1901ರಷ್ಟು ಹಳೆಯದು. ಬೌದ್ಧಿಕ ಅಸಾಮರ್ಥ್ಯ, ಸೆರೆಬ್ರಲ್ ಪಾಲ್ಸಿ, ಆಟಿಸಂ ಇರುವ ಮಕ್ಕಳ ಕಥೆ ಬೇರೆ. ಅವರಿಗಾಗಿ ಶಾಲೆ ತೆರೆದವರಲ್ಲಿ ಆ ಮಕ್ಕಳ ಹೆತ್ತವರದೇ ದೊಡ್ಡ ಪಾಲು. ಮುಂಬೈಯ ಮಿಥು ಆಲೂರ್ ಅವರ ಮಗಳು ಮಾಲಿನಿ ಚಿಬ್‌ಗೆ ಸೆರೆಬ್ರಲ್ ಪಾಲ್ಸಿ ಇತ್ತು. ಅವಳನ್ನು ಸೇರಿಸಲು ತಕ್ಕ ಶಾಲೆ ಸಿಗದೆ, ಇಂಗ್ಲೆಂಡಿನಲ್ಲಿ ವಿಶೇಷ ಶಿಕ್ಷಣ ಓದಿ ಬಂದ ತಾಯಿ 1972ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಕಟ್ಟಿದರು. ಶುರುವಿನಲ್ಲಿ ಇದ್ದವರು ಮೂರೇ ಮಕ್ಕಳು. ದೆಹಲಿಯಲ್ಲಿ ಮೆರ್ರಿ ಬರುವಾ ತಮ್ಮ ಮಗನ ನಿಮಿತ್ತ 1990ರ ದಶಕದ ಆರಂಭಕ್ಕೆ ಆಕ್ಷನ್ ಫಾರ್ ಆಟಿಸಂ ಕಟ್ಟಿದರು. ಬೌದ್ಧಿಕ ಅಸಾಮರ್ಥ್ಯದ ಮಕ್ಕಳ ಪೋಷಕ ಸಂಘಗಳೆಲ್ಲ ಸೇರಿ 1995ರಲ್ಲಿ ‘ಪರಿವಾರ್’ ಎಂಬ ರಾಷ್ಟ್ರೀಯ ಒಕ್ಕೂಟವಾದವು. ಅದನ್ನು ಮೊದಲಿಗೆ ಮುನ್ನಡೆಸಿದವರು ಬೆಂಗಳೂರಿನ ಜೆ. ಪಿ. ಗಾಡ್ಕರಿ.

ಇವರೆಲ್ಲ ಹೋರಾಡುತ್ತಿದ್ದ ಕಾಲದಲ್ಲೇ ಬಂದ 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನಷ್ಟೇ ಹೆಸರಿಸಿತು. ಆ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ, ಡಿಸ್ಲೆಕ್ಸಿಯದಂಥ ಕಲಿಕಾ ನ್ಯೂನತೆಯೂ ಇರಲಿಲ್ಲ. ಇದರ ಫಲ ವಿಚಿತ್ರವಾಗಿತ್ತು. ಆಟಿಸಂ ಇರುವ ಮಗುವಿಗೆ ಸರ್ಕಾರಿ ಸೌಲಭ್ಯ ಬೇಕಾದರೆ ‘ಬುದ್ಧಿಮಾಂದ್ಯ’ ಎಂಬ ಪ್ರಮಾಣಪತ್ರ ಮಾಡಿಸಬೇಕಿತ್ತು. ಆ ಮಗುವಿನ ಬುದ್ಧಿ ಚುರುಕಾಗಿದ್ದರೆ ಅದೂ ಸಿಗುತ್ತಿರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವೈಕಲ್ಯ ಎಂಬ ನಾಲ್ಕಕ್ಕೆ ಪ್ರತ್ಯೇಕ ಏರ್ಪಾಡು ಮಾಡಿತು. ತಮ್ಮ ಕಾಲಾನಂತರ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬ ಹೆತ್ತವರ ಪ್ರಶ್ನೆ ಆ ಕಾಯ್ದೆಯ ಒಳಗೇ ಇದೆ. ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. ಅದಕ್ಕೆ ಹೊಂದುವಂತೆ ಹಳೆಯ ಕಾಯ್ದೆಯನ್ನು ಬದಲಿಸಿ 2016ರಲ್ಲಿ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಬಂತು. ಜಾರಿಯಾದದ್ದು 2017ರ ಏಪ್ರಿಲ್ 19ರಂದು. ಏಳಿದ್ದ ಪಟ್ಟಿ ಇಪ್ಪತ್ತೊಂದಕ್ಕೆ ಏರಿತು.

ಪೋಷಕರ ಕೆಲಸಕ್ಕೆ ಬರುವ ಸೆಕ್ಷನ್‌ಗಳು ಈ ಕಾಯ್ದೆಯಲ್ಲಿ ಕೆಲವೇ. ಸೆಕ್ಷನ್ 2, ‘ಸಮಂಜಸ ಹೊಂದಾಣಿಕೆ’ಯನ್ನು ನಿರಾಕರಿಸುವುದೂ ತಾರತಮ್ಯವೇ ಎನ್ನುತ್ತದೆ. ಸೆಕ್ಷನ್ 16, ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಈ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಂಡು, ಪ್ರತಿ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಬೇಕು ಎನ್ನುತ್ತದೆ. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸುವ ಹೊಣೆಯನ್ನೂ ಹೊರಿಸುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರಹಗಾರರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಇವೆಲ್ಲ ಸೆಕ್ಷನ್ 17ರಲ್ಲಿವೆ. ಸೆಕ್ಷನ್ 31ರ ಪ್ರಕಾರ 40 ಶೇಕಡ ಮತ್ತು ಅದಕ್ಕಿಂತ ಹೆಚ್ಚು ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ: ನೆರೆಯ ಶಾಲೆಯಲ್ಲಿ, ಇಲ್ಲವೇ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ. ಬೇರೆ ಮಕ್ಕಳಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆ ಕೊಡುವುದು 14ರವರೆಗೆ ಮಾತ್ರ.

ಕಾಯ್ದೆ ಬಿಟ್ಟಿರುವ ಜಾಗವನ್ನೂ ಹೇಳಬೇಕು. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಬೌದ್ಧಿಕ ಅಸಾಮರ್ಥ್ಯದ ಮಕ್ಕಳ ಪೋಷಕರ ಸಂಘವೇ 1971ರಲ್ಲಿ ರಾಜ್ಯದ ಮೇಲೆ ದಾವೆ ಹೂಡಿ ಗೆದ್ದಿತ್ತು. ಅದರ ಬೆನ್ನಿಗೆ 1975ರಲ್ಲಿ ಬಂದ ಅಲ್ಲಿನ ಕಾನೂನು, ಪ್ರತಿ ಮಗುವಿಗೂ ಲಿಖಿತ ವೈಯಕ್ತಿಕ ಶಿಕ್ಷಣ ಯೋಜನೆ ಇರಬೇಕು, ಅದನ್ನು ಮಾಡುವ ಮೇಜಿನ ಸುತ್ತ ತಂದೆತಾಯಿಗೂ ಕುರ್ಚಿ ಇರಬೇಕು ಎಂದಿತು. ಭಾರತದ ವಿಶೇಷ ಶಾಲೆಗಳು ಈ ಯೋಜನೆಯನ್ನು ‘ಐಇಪಿ’ ಎಂಬ ಹೆಸರಿನಲ್ಲೇ ಬಳಸುತ್ತವೆ. ಆದರೆ ಆ ಕುರ್ಚಿಯನ್ನು 2016ರ ಕಾಯ್ದೆ ಕಡ್ಡಾಯ ಮಾಡಿಲ್ಲ. ಇಲ್ಲಿ ಅದನ್ನು ಪೋಷಕರೇ ಎಳೆದುಕೊಂಡು ಕೂರಬೇಕು.

ಹೆಸರು, ಶೇಕಡ, ಪ್ರಮಾಣಪತ್ರ

ವೈಕಲ್ಯದ ಪ್ರಮಾಣಪತ್ರಕ್ಕೆ ಯುಡಿಐಡಿ (ವಿಶಿಷ್ಟ ವೈಕಲ್ಯ ಗುರುತು) ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. 2021ರ ಜೂನ್‌ನಿಂದ ಇದೇ ದಾರಿ. ಅರ್ಜಿ ಹಾಕಲು ಹಳ್ಳಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ಅವರ ಮೇಲಿನ ವಿವಿಧೋದ್ದೇಶ ಕಾರ್ಯಕರ್ತರು ನೆರವಾಗುತ್ತಾರೆ. ಕರ್ನಾಟಕದ ಈ ಏರ್ಪಾಡು ಎಷ್ಟೋ ಪೋಷಕರಿಗೆ ತಿಳಿದೇ ಇಲ್ಲ. 2017ರ ನಿಯಮಗಳು ಪ್ರಮಾಣಪತ್ರಕ್ಕೆ ಒಂದು ತಿಂಗಳ ಗಡುವು ಇಟ್ಟಿದ್ದವು. 2024ರ ತಿದ್ದುಪಡಿ ಅದನ್ನು ಮೂರು ತಿಂಗಳಿಗೆ ಹಿಗ್ಗಿಸಿತು.

ಪರೀಕ್ಷೆಯ ದಿನ ನಡೆಯುವುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಮುಂದಿನ ಹತ್ತು ವರ್ಷದ ಸೌಲಭ್ಯ ಅಲ್ಲಿನ ಅರ್ಧ ಗಂಟೆಯ ಮೇಲೆ ನಿಂತಿರುತ್ತದೆ. ಬೌದ್ಧಿಕ ಸಾಮರ್ಥ್ಯ ಅಳೆಯಲು ಬಳಸುವ ಬಿನೆ–ಕಾಮತ್ ಪರೀಕ್ಷೆಗೆ ಕನ್ನಡದ ನಂಟಿದೆ. ಫ್ರಾನ್ಸಿನ ಬಿನೆ ಪರೀಕ್ಷೆಯನ್ನು ವಿ. ವಿ. ಕಾಮತ್ 1930ರ ದಶಕದಲ್ಲಿ ಮುಂಬೈ ಕರ್ನಾಟಕದ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದ್ದು ಅದರ ಮೂಲ. ಇದು ಮಗುವನ್ನೇ ಕೇಳುವ ಪರೀಕ್ಷೆ. ಇದರ ಜೊತೆಗೆ ಪೋಷಕರನ್ನು ಕೇಳುವ ಅಳತೆಗೋಲುಗಳೂ ಇವೆ. ಸಾಮಾಜಿಕ ಪ್ರಬುದ್ಧತೆಯನ್ನು ಅಳೆಯುವ ವೈನ್‌ಲ್ಯಾಂಡ್ ಮಾಪಕ ಅಂಥದು. ಎಡವುವುದು ಇಲ್ಲೇ.

‘ಊಟ ತಾನೇ ಮಾಡ್ತಾನಾ?’ ಎಂದು ಕೇಳುತ್ತಾರೆ. ತಾಯಿ ‘ಮಾಡ್ತಾನೆ’ ಎನ್ನುತ್ತಾಳೆ. ಸುಳ್ಳೇನಲ್ಲ. ಆದರೆ ಅನ್ನಕ್ಕೆ ಸಾರು ಹಾಕಿ ಕಲಸಿ, ಮೂಳೆಯಂತೆ ಚುಚ್ಚುವ ಕರಿಬೇವಿನ ಕಡ್ಡಿ ಆಯ್ದು, ತಟ್ಟೆಯನ್ನು ಅವನ ಎಡಗಡೆಗೇ ಇಟ್ಟು, ಪಕ್ಕದಲ್ಲಿ ಕೂತು ನಾಲ್ಕು ಸಲ ‘ತಿನ್ನು ಪುಟ್ಟ’ ಎಂದ ಮೇಲೆ ಅವನು ತಾನೇ ಊಟ ಮಾಡುತ್ತಾನೆ. ವರ್ಷಗಳ ರೂಢಿಯಿಂದ ಅದೆಲ್ಲ ತಾಯಿಯ ಲೆಕ್ಕದಿಂದ ಬಿದ್ದುಹೋಗಿರುತ್ತದೆ. ‘ಕಲಸಿ ಕೊಟ್ಟು ಪಕ್ಕದಲ್ಲಿ ಕೂತರೆ ಮಾಡ್ತಾನೆ’ ಎಂಬುದು ಸರಿಯಾದ ಉತ್ತರ. ಮಗನ ಮರ್ಯಾದೆ ಕಾಯುವ ಆಸೆಯೂ ಇದರಲ್ಲಿ ಸೇರಿಕೊಳ್ಳುತ್ತದೆ. ಅಪರಿಚಿತರ ಮುಂದೆ, ಮಗುವಿನ ಎದುರಿಗೇ, ಅದಕ್ಕೆ ಬಾರದ್ದನ್ನು ಒಂದೊಂದಾಗಿ ಹೇಳುವುದು ಯಾವ ತಾಯಿಗೂ ಸುಲಭವಲ್ಲ.

ಆಟಿಸಂಗೆ ಬಳಸುವ ಭಾರತೀಯ ಮಾಪಕ ಐಎಸ್‌ಎಎಯಲ್ಲಿ ಈ ಮಾತು ಅಂಕಿಗೇ ಇಳಿಯುತ್ತದೆ. ಅದರಲ್ಲಿ 40 ಅಂಶಗಳಿವೆ. ಕಣ್ಣಿಗೆ ಕಣ್ಣು ಕೊಟ್ಟು ನೋಡುವುದಿಲ್ಲವೇ, ಒಂದೇ ಆಟವನ್ನು ಮತ್ತೆ ಮತ್ತೆ ಆಡುತ್ತದೆಯೇ ಎಂಬಂಥ ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. 20 ಶೇಕಡ ಹೊತ್ತು ಮಾತ್ರ ಹಾಗೆ ಮಾಡಿದರೆ 1, ‘ಕೆಲವೊಮ್ಮೆ’ ಎಂದರೆ 2, 80 ಶೇಕಡ ಮೀರಿದರೆ 5. ಒಟ್ಟು 70 ಆದರೆ ಆಟಿಸಂ ಎಂದು ಲೆಕ್ಕ. ‘ಆಗಾಗ ಮಾಡ್ತಾಳೆ ಸಾರ್’ ಎಂಬ ಕನ್ನಡದ ‘ಆಗಾಗ’ ಈ ಐದರಲ್ಲಿ ಎಲ್ಲಿ ಕೂರಬೇಕು? ದಿನಕ್ಕೆ ಎಷ್ಟು ಸಲ, ಯಾವ ಹೊತ್ತಿನಲ್ಲಿ ಎಂದು ಬರೆದಿಟ್ಟುಕೊಂಡು ಹೋದವರ ಮಗುವಿಗೆ ಸಿಗುವ ಅಂಕಿ, ಅಲ್ಲಿಯೇ ನೆನಪು ಮಾಡಿಕೊಂಡು ಹೇಳಿದವರ ಮಗುವಿನದಕ್ಕಿಂತ ನಿಜಕ್ಕೆ ಹತ್ತಿರವಿರುತ್ತದೆ.

ಕಲಿಕಾ ನ್ಯೂನತೆಯದು ಇನ್ನೊಂದು ತೊಡಕು. ಅದರ ಪ್ರಮಾಣಪತ್ರ 8 ವರ್ಷ ತುಂಬುವ ಮೊದಲು ಸಿಗುವುದಿಲ್ಲ, 14ಕ್ಕೂ 18ಕ್ಕೂ ಮತ್ತೆ ಪರೀಕ್ಷೆ ಎಂದು 2018ರ ಕೇಂದ್ರ ಮಾರ್ಗಸೂಚಿ ಹೇಳಿತ್ತು. ಕನ್ನಡ ಓದುವ ಮಗುವಿನಲ್ಲಿ ಇದನ್ನು ಹಿಡಿಯುವುದು ಕಷ್ಟ. ಇಂಗ್ಲಿಷಿನಲ್ಲಿ 26 ಅಕ್ಷರ ಮುಗಿಸಿದ ಹಾಗೆ ಕನ್ನಡದಲ್ಲಿ ಮುಗಿಯುವುದಿಲ್ಲ. ಕಾಗುಣಿತ, ಒತ್ತಕ್ಷರ ಸೇರಿ ನೂರಾರು ಆಕಾರಗಳು. ಈ ಕಲಿಕೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳಿಗೆ ಹರಡಿಕೊಳ್ಳುತ್ತದೆ ಎಂದು ಸೊನಾಲಿ ನಾಗ್ ಕನ್ನಡ ಮಕ್ಕಳನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಲೇಖನ ತೋರಿಸಿದೆ. ಹಾಗಾಗಿ ಎರಡನೆಯ ತರಗತಿಯಲ್ಲಿ ಒತ್ತು ತಪ್ಪಿಸುವ ಮಗುವೆಲ್ಲ ಡಿಸ್ಲೆಕ್ಸಿಯದ ಮಗುವಲ್ಲ. ಐದನೆಯ ತರಗತಿಯಲ್ಲೂ ‘ಕೆ’ಯನ್ನು ‘ಕಿ’ ಎಂದೋ, ‘ಅಕ್ಕ’ನನ್ನು ‘ಅಕ’ ಎಂದೋ ಬರೆಯುವುದನ್ನು ‘ಗಮನ ಕೊಡಲ್ಲ’ ಎಂದು ತಳ್ಳಿಹಾಕುವುದೂ ಸರಿಯಲ್ಲ. ಮಗುವಿನ ಹಳೆಯ ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕದೆ ಇಟ್ಟುಕೊಂಡಿರುವ ಮನೆಯಲ್ಲಿ ಈ ವ್ಯತ್ಯಾಸಕ್ಕೆ ಸಾಕ್ಷಿ ಸಿಗುತ್ತದೆ.

ಪ್ರಮಾಣಪತ್ರವಿಲ್ಲದೆ ಏನೂ ಕೇಳುವಂತಿಲ್ಲ ಎಂಬ ತಿಳಿವಳಿಕೆ ಶಾಲೆಗಳಲ್ಲಿ ವ್ಯಾಪಕವಾಗಿದೆ. ಇದು ಅರ್ಧ ಮಾತ್ರ ನಿಜ. 40 ಶೇಕಡದ ಗೆರೆ ಸೆಕ್ಷನ್ 31ರ ಉಚಿತ ಶಿಕ್ಷಣಕ್ಕೆ, ಮೀಸಲಾತಿಗೆ ಬೇಕು. ಸೆಕ್ಷನ್ 16ರ ಹೊಂದಾಣಿಕೆಗೆ ಬೇಕಿಲ್ಲ. ಕೈ ಸೆಳೆತದಿಂದ ಬರೆಯಲಾಗದ ಅಭ್ಯರ್ಥಿಯೊಬ್ಬರಿಗೆ ಯುಪಿಎಸ್‌ಸಿ ಬರಹಗಾರರನ್ನು ನಿರಾಕರಿಸಿತ್ತು. ಅವರ ವೈಕಲ್ಯ 40 ಶೇಕಡಕ್ಕಿಂತ ಬಹಳ ಕಡಿಮೆ ಎಂಬುದು ಕಾರಣ. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಿಕಾಸ್ ಕುಮಾರ್ ಪ್ರಕರಣದಲ್ಲಿ, ಬರಹಗಾರರ ನೆರವನ್ನು 40 ಶೇಕಡದ ಗೆರೆಗೆ ಕಟ್ಟುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಈ ತೀರ್ಪಿನ ಒಂದು ಪ್ರತಿ ಪೋಷಕರ ಫೈಲಿನಲ್ಲಿದ್ದರೆ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಮಾತು ಬೇಗ ಮುಗಿಯುತ್ತದೆ.

ನೋಟ್‌ಬುಕ್ಕು ಮತ್ತು ಪತ್ರ

ಆಟಿಸಂ ಇರುವ, ಒಂದನೆಯ ತರಗತಿಯ ಮಗುವಿನ ತಾಯಿ ಬರೆದಿಡುವ ನೋಟ್‌ಬುಕ್ಕಿನ ಒಂದು ಪುಟ ಹೀಗಿರಬಹುದು: ‘ಸೋಮವಾರ. ಪ್ರಾರ್ಥನೆಯ ಮೈಕು ಕಿರ್ ಎಂದಾಗ ಕಿವಿ ಮುಚ್ಚಿಕೊಂಡು ಗೇಟಿನ ಕಡೆ ಓಡಿದ. ಆಯಾ ಹಿಡಿದುಕೊಂಡರು. ಹತ್ತು ನಿಮಿಷ ಅತ್ತ. ಮಂಗಳವಾರ. ಕರೆಂಟು ಇರಲಿಲ್ಲ, ಮೈಕಿಲ್ಲ. ಸಾಲಿನಲ್ಲಿ ನಿಂತ. ಬುಧವಾರ. ಮೈಕು ಇತ್ತು. ಮಿಸ್ ಅವನನ್ನು ಸಾಲಿನ ಕೊನೆಗೆ ನಿಲ್ಲಿಸಿದ್ದರು. ಕಿವಿ ಮುಚ್ಚಿಕೊಂಡ, ಓಡಲಿಲ್ಲ.’ ಇದಕ್ಕೆ ಎರಡು ನಿಮಿಷ ಸಾಕು. ಎರಡು ವಾರ ಇಂಥ ಪುಟಗಳಾದರೆ ಅದರಲ್ಲಿ ಕಾರಣವೂ ಇರುತ್ತದೆ, ಪರಿಹಾರವೂ ಇರುತ್ತದೆ, ಪರಿಹಾರ ಕಂಡುಹಿಡಿದ ಟೀಚರ ಹೆಸರೂ ಇರುತ್ತದೆ. ಕೊನೆಯದು ಸಣ್ಣ ಸಂಗತಿಯಲ್ಲ. ಪತ್ರದಲ್ಲಿ ‘ಬುಧವಾರ ಮಿಸ್ ಮಾಡಿದ್ದರಿಂದ ಬಹಳ ಉಪಕಾರವಾಯಿತು, ಅದನ್ನೇ ದಿನವೂ ಮಾಡಿ’ ಎಂದು ಬರೆದರೆ ಕೇಳಿದ್ದು ಹೊಸ ಹೊರೆಯಾಗಿ ಕಾಣುವುದಿಲ್ಲ.

ಕನ್ನಡದಲ್ಲಿ ಅರ್ಜಿ ಬರೆಯುವ ರೂಢಿಗೆ ಒಂದು ಚಾಳಿ ಇದೆ. ‘ತಾವು ದೊಡ್ಡ ಮನಸ್ಸು ಮಾಡಿ, ಬಡವರಾದ ನಮ್ಮ ಮೇಲೆ ಕೃಪೆ ತೋರಿ’ ಎಂದು ಶುರುವಾಗಿ ‘ತಮ್ಮಲ್ಲಿ ಬೇಡಿಕೊಳ್ಳುತ್ತೇನೆ’ ಎಂದು ಮುಗಿಯುತ್ತದೆ. ನಡುವೆ ಏನು ಬೇಕೆಂಬುದೇ ಇರುವುದಿಲ್ಲ. ಕೃಪೆ ಕೇಳಿದವರಿಗೆ ಕೃಪೆ ನಿರಾಕರಿಸುವುದು ಸುಲಭ. ಅದೇ ಅರ್ಜಿಯ ನಮೂನೆಯಲ್ಲಿ ‘ಉಲ್ಲೇಖ’ ಎಂಬ ಸಾಲೊಂದು ಇದೆ, ಅದನ್ನು ಯಾರೂ ಬಳಸುವುದಿಲ್ಲ. ಅಲ್ಲಿ ‘ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016, ಸೆಕ್ಷನ್ 16’ ಎಂದು ಒಂದು ಸಾಲು ಹಾಕಿ, ವಿಷಯದಲ್ಲಿ ಒಂದೇ ಸಂಗತಿ ಇಟ್ಟು, ಒಡಲಿನಲ್ಲಿ ಮೂರು ಮಾತು ಬರೆದರೆ ಮುಗಿಯಿತು. ‘ಮಗಳು ಬೋರ್ಡಿನಿಂದ ನಕಲು ಮಾಡುವಾಗ ಹತ್ತು ಸಾಲಿನಲ್ಲಿ ನಾಲ್ಕು ಮುಗಿಸುವಷ್ಟರಲ್ಲಿ ಬೋರ್ಡು ಒರೆಸಿರುತ್ತಾರೆ. ಮೊದಲ ಬೆಂಚಿನಲ್ಲಿ ಕೂರಿಸಿ, ಟಿಪ್ಪಣಿಯ ಜೆರಾಕ್ಸ್ ಕೊಡಬೇಕೆಂದು ವಿನಂತಿ. ಮುಂದಿನ ತಿಂಗಳ ಮೊದಲ ವಾರ ಬಂದು ತಮ್ಮನ್ನು ಕಂಡು, ಹೇಗೆ ನಡೆದಿದೆ ಎಂದು ಮಾತಾಡುತ್ತೇವೆ.’ ವಿನಂತಿ ಎಂಬ ಪದ ಇರಲಿ, ಅದು ಸೌಜನ್ಯ. ದೊಡ್ಡ ಮನಸ್ಸು ಬೇಡ. ಪತ್ರದ ಎರಡು ಪ್ರತಿ ಒಯ್ದು ಒಂದರ ಮೇಲೆ ಶಾಲೆಯ ಸೀಲು, ತಾರೀಖು ಹಾಕಿಸಿಕೊಂಡು ಬರಬೇಕು. ಸೀಲು ಹಾಕಲು ಹಿಂಜರಿದರೆ ಅದನ್ನೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು.

ಶಾಲೆಯ ಕಡೆಯಿಂದಲೂ ನೋಡಬೇಕು. ಐವತ್ತು ಮಕ್ಕಳ ತರಗತಿ, ಬಿಸಿಯೂಟದ ಲೆಕ್ಕ, ಚುನಾವಣೆ ಮತ್ತು ಗಣತಿಯ ಕೆಲಸ ಇವುಗಳ ನಡುವೆ ಇರುವ ಮೇಷ್ಟ್ರಿಗೆ ಯಾರೂ ಈ ಮಕ್ಕಳ ಬಗ್ಗೆ ಕಲಿಸಿರುವುದಿಲ್ಲ. ಸಾಮಾನ್ಯ ಶಾಲೆಗಳಲ್ಲಿ ವಿಶೇಷ ಶಿಕ್ಷಕರೇ ಇಲ್ಲವೆಂಬ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಹೇಳಿತು. 2022ರಲ್ಲಿ ಕೇಂದ್ರ ಅದನ್ನು ಅಧಿಸೂಚನೆ ಮಾಡಿತು. 2025ರ ಮಾರ್ಚ್‌ನಲ್ಲಿ ಅದೇ ಕೋರ್ಟು ರಾಜ್ಯಗಳಿಗೆ ಹುದ್ದೆಗಳನ್ನು ಗುರುತಿಸಿ ತುಂಬಿ ಎಂದು ಮತ್ತೆ ಹೇಳಬೇಕಾಯಿತು. ಅಲ್ಲಿಯವರೆಗೆ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಒದಗುವವರು ಕ್ಷೇತ್ರ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು, ಅಂದರೆ ‘ಬಿಐಇಆರ್‌ಟಿ’ಗಳು. ತಾಲ್ಲೂಕಿನ ಅಷ್ಟೂ ಶಾಲೆಗಳು ಬೆರಳೆಣಿಕೆಯ ಈ ಶಿಕ್ಷಕರ ಪಾಲಿಗೆ ಬಂದಿವೆ. ಅವರ ಫೋನ್ ನಂಬರು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಸಿಗುತ್ತದೆ. ಪೋಷಕರು ಕೇಳಿದರೆ ಅವರು ಶಾಲೆಗೆ ಬರುತ್ತಾರೆ. ಕೇಳದಿದ್ದರೆ ಸರದಿ ಬರುವುದು ಯಾವಾಗಲೋ.

ಪರೀಕ್ಷೆಯ ವಿಷಯದಲ್ಲಿ ತಡವಾದರೆ ಸರಿಪಡಿಸಲು ಆಗುವುದಿಲ್ಲ. ಕೇಂದ್ರದ ಮಾರ್ಗಸೂಚಿ ಗಂಟೆಗೆ 20 ನಿಮಿಷ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚು ಸಮಯ ಕೊಡುತ್ತದೆ. ಎಸ್‌ಎಸ್‌ಎಲ್‌ಸಿ ಮಂಡಳಿಯ ವಿನಾಯಿತಿಗಳು ಶಾಲೆಯ ಮೂಲಕವೇ ಹೋಗಬೇಕು. ಮಾರ್ಚ್‌ನಲ್ಲಿ ಎಚ್ಚೆತ್ತವರಿಗೆ ಅದು ಸಿಗುವುದಿಲ್ಲ. ಒಂಬತ್ತನೆಯ ತರಗತಿಯಲ್ಲೇ ಕಾಗದ ಸಿದ್ಧವಿರಬೇಕು. ಬರಹಗಾರರ ಜೊತೆ ಬರೆಯುವುದೂ ಅಭ್ಯಾಸದಿಂದ ಬರುವ ವಿದ್ಯೆ. ಉತ್ತರ ಗೊತ್ತಿದ್ದೂ, ಅಲ್ಪವಿರಾಮ ಎಲ್ಲಿ, ಹೊಸ ಪ್ಯಾರಾ ಎಲ್ಲಿ ಎಂದು ಹೇಳಿ ಬರೆಸಲು ಬಾರದೆ ಅರ್ಧ ಹೊತ್ತು ಕಳೆದುಕೊಳ್ಳುವ ಮಕ್ಕಳಿದ್ದಾರೆ. ಭಾಷಾ ವಿನಾಯಿತಿಯನ್ನು ಯೋಚಿಸಿ ಪಡೆಯಬೇಕು. ಮನೆಯಲ್ಲಿ ತುಳು ಅಥವಾ ಉರ್ದು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ ಎಂಬ ಪರಿಸ್ಥಿತಿಯ ಮಗುವಿಗೆ ಒಂದು ಭಾಷೆ ಇಳಿಸಿದರೆ ಉಸಿರಾಡಲು ಜಾಗ ಸಿಗುತ್ತದೆ. ಆದರೆ ಯಾವ ಭಾಷೆಯನ್ನು ಇಳಿಸಿದರೆ ಮುಂದೆ ಯಾವ ಕೋರ್ಸಿನ ಬಾಗಿಲು ಮುಚ್ಚುತ್ತದೆ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು.

ಮೇಲಿನ ಮೆಟ್ಟಿಲು

ಶಾಲೆ ಒಪ್ಪದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಅವರ ಮೇಲೆ ಜಿಲ್ಲೆಯ ಉಪನಿರ್ದೇಶಕರು. ಅಲ್ಲಿಯೂ ಆಗದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರು. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಈ ಆಯುಕ್ತರಿಗೆ ಕಾಯ್ದೆ ಸಿವಿಲ್ ಕೋರ್ಟಿನ ಅಧಿಕಾರ ಕೊಟ್ಟಿದೆ. ವಕೀಲರಿಲ್ಲದೆಯೂ ದೂರು ಸಲ್ಲಿಸಬಹುದು. ಕಾಯ್ದೆ ಉಲ್ಲಂಘಿಸಿದವರಿಗೆ ಸೆಕ್ಷನ್ 89ರಲ್ಲಿ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡವಿದೆ. ಹೈಕೋರ್ಟಿಗೆ ಹೋಗಬೇಕಾದರೆ 1987ರ ಕಾನೂನು ಸೇವೆಗಳ ಕಾಯ್ದೆಯಂತೆ ವಿಕಲಚೇತನರಿಗೂ ಮಕ್ಕಳಿಗೂ ಉಚಿತ ಕಾನೂನು ನೆರವಿನ ಹಕ್ಕಿದೆ.

ಮೆಟ್ಟಿಲು ಹತ್ತುವ ಮೊದಲು ಮಾಹಿತಿ ಹಕ್ಕಿನ ಅರ್ಜಿ ಹಾಕುವುದು ಅನುಭವಸ್ಥರ ಕ್ರಮ. ‘ಇಂಥ ದಿನ ಸಲ್ಲಿಸಿದ ಅರ್ಜಿಯ ಮೇಲೆ ಯಾವ ಕ್ರಮ ಕೈಗೊಳ್ಳಲಾಗಿದೆ, ಕಡತದ ಟಿಪ್ಪಣಿ ಪುಟಗಳ ಪ್ರತಿ ಕೊಡಿ’ ಎಂಬ ಒಂದು ವಾಕ್ಯ, ಮಲಗಿದ್ದ ಕಡತವನ್ನು ಹತ್ತು ರೂಪಾಯಿಯಲ್ಲಿ ಎಬ್ಬಿಸುತ್ತದೆ. ಕರ್ನಾಟಕದ ನಿಯಮ ಅರ್ಜಿಗೆ 150 ಪದಗಳ ಮಿತಿ ಹಾಕಿದೆ, ಒಂದು ಅರ್ಜಿಗೆ ಒಂದೇ ವಿಷಯ ಎಂದೂ ಹೇಳಿದೆ. ಇದನ್ನು ಬಹಳ ಜನ ಅಡ್ಡಿ ಎಂದುಕೊಂಡಿದ್ದಾರೆ. ಮಗುವಿನ ಪೂರ್ತಿ ಕಷ್ಟವನ್ನು ನಾಲ್ಕು ಪುಟ ತೋಡಿಕೊಳ್ಳುವ ಪೋಷಕರಿಗೆ ಈ ಮಿತಿ ಒಳ್ಳೆಯ ಮೇಷ್ಟ್ರು.

ಈ ಓಡಾಟಕ್ಕೆಲ್ಲ ಹೊತ್ತು ಬೇಕು. ಆ ಹೊತ್ತು ಸಾಮಾನ್ಯವಾಗಿ ತಾಯಿಯದು, ಅನೇಕ ಮನೆಗಳಲ್ಲಿ ಅವಳು ಬಿಟ್ಟ ನೌಕರಿಯದು. ಮೈಸೂರಿನಲ್ಲಿ ಕಿವುಡ ಮಕ್ಕಳ ಪೋಷಕರ ಸಂಘ ನಡೆಸುವ ಶಾಲೆಯಲ್ಲಿ ಮಗುವಿನ ಜೊತೆ ತಾಯಿಯೂ ತರಗತಿಗೆ ಬಂದು ಕಲಿಯುತ್ತಾಳೆ. ಮಾತು ಕಲಿಸುವುದು ಮನೆಯಲ್ಲಿ ನಡೆಯಬೇಕಾದ ಕೆಲಸ ಎಂಬುದು ಅದರ ತತ್ವ. ತತ್ವ ಸರಿಯೇ. ಆದರೆ ಅಷ್ಟು ವರ್ಷ ಊರು, ಹೊಲ, ಇನ್ನೊಂದು ಮಗುವನ್ನು ಬಿಟ್ಟು ಬಂದು ಕಲಿಯುವವಳ ಲೆಕ್ಕವನ್ನು ಯಾವ ಇಲಾಖೆಯೂ ಇಟ್ಟಿಲ್ಲ. ಹಿಮಾಚಲ ಪ್ರದೇಶದ ಸರ್ಕಾರಿ ಕಾಲೇಜಿನ ಅಧ್ಯಾಪಕಿಯೊಬ್ಬರು, ಮೂಳೆ ಸುಲಭವಾಗಿ ಮುರಿಯುವ ಕಾಯಿಲೆಯ ಮಗನನ್ನು ನೋಡಿಕೊಂಡು ರಜೆಗಳನ್ನೆಲ್ಲ ಮುಗಿಸಿ, ಶಿಶುಪಾಲನಾ ರಜೆ ಕೇಳಿದಾಗ, ರಾಜ್ಯದ ನಿಯಮದಲ್ಲಿ ಅದು ಇಲ್ಲವೆಂಬ ಉತ್ತರ ಪಡೆದರು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದು ನೌಕರರಿಗೆ ತೋರುವ ಔದಾರ್ಯದ ಮಾತಲ್ಲ, ಮಹಿಳೆಯರು ಉದ್ಯೋಗದಲ್ಲಿ ಉಳಿಯುವ ಸಾಂವಿಧಾನಿಕ ಹಕ್ಕಿನ ಮಾತು ಎಂಬ ಅರ್ಥದಲ್ಲಿ ನಿಲುವು ತಳೆದು, ನಿಯಮವನ್ನು ಮರುಪರಿಶೀಲಿಸಲು ಸಮಿತಿ ರಚಿಸುವಂತೆ ರಾಜ್ಯಕ್ಕೆ ಹೇಳಿತು. ಗಾರ್ಮೆಂಟ್ಸಿನಲ್ಲಿ ದುಡಿಯುವ ತಾಯಿಗೆ ಈ ತೀರ್ಪು ತಲುಪುವುದಿಲ್ಲ. ಅವಳಿಗೆ ಉಳಿದಿರುವುದು ಸಂಘ: ವಾರಕ್ಕೊಂದು ಅರ್ಧ ದಿನ ಒಬ್ಬಳು ನಾಲ್ಕು ಮಕ್ಕಳನ್ನು ನೋಡಿಕೊಂಡು, ಉಳಿದ ಮೂವರು ಕಚೇರಿಗಳಿಗೆ ಹೋಗಿಬರುವ ಏರ್ಪಾಡು. ಪೋಷಕ ಸಂಘಗಳು ಮಾಡಿದ ದೊಡ್ಡ ಕೆಲಸಗಳಲ್ಲಿ ವರದಿಗಳಿಗೆ ಸಿಗದ ಕೆಲಸ ಇದೇ.

ಹದಿನೆಂಟರ ನಂತರ

ವಕಾಲತ್ತು ಮಗುವಿನ ಕೈಗೆ ಬರಬೇಕಾದ ಹೊತ್ತೂ ಒಂದಿದೆ. ಹದಿಮೂರು ಹದಿನಾಲ್ಕು ವರ್ಷದ ಹುಡುಗಿಗೆ ತನಗೆ ಹೆಚ್ಚುವರಿ ಸಮಯ ಯಾಕೆ ಕೊಡುತ್ತಾರೆ ಎಂದು ಗೊತ್ತಿಲ್ಲದಿದ್ದರೆ, ಪಕ್ಕದವಳು ‘ನಿಂಗ್ಯಾಕೆ ಜಾಸ್ತಿ ಟೈಮು?’ ಎಂದಾಗ ಅವಳು ಅದನ್ನು ಬೇಡವೆನ್ನುತ್ತಾಳೆ. ಶಾಲೆಗೆ ಬರೆಯುವ ಪತ್ರವನ್ನು ಮೊದಲು ಅವಳಿಗೆ ಓದಿಸುವುದು, ಮುಂದಿನ ವರ್ಷ ಅವಳಿಂದಲೇ ಬರೆಸುವುದು ಇದಕ್ಕೆ ಒಂದು ದಾರಿ. ಮಾತಾಡದ ಮಗುವೂ ಚಿತ್ರದ ಕಾರ್ಡಿನಲ್ಲಿ ಬೇಕು–ಬೇಡ ತೋರಿಸಬಲ್ಲದು. ತೋರಿಸಿದ ‘ಬೇಡ’ವನ್ನು ಮನೆಯವರು ಒಪ್ಪದಿದ್ದರೆ ಶಾಲೆಯವರು ಒಪ್ಪುತ್ತಾರೆಂದು ನಿರೀಕ್ಷಿಸುವಂತಿಲ್ಲ. ಮಾಲಿನಿ ಚಿಬ್ ಒಂದೇ ಬೆರಳಿನಲ್ಲಿ ಟೈಪ್ ಮಾಡಿ ತಮ್ಮ ಆತ್ಮಕಥೆ ಬರೆದರು. ತಾಯಿ ಕಟ್ಟಿದ ಸಂಸ್ಥೆಯ ಕಥೆಗಿಂತ ಬೇರೆಯಾದ, ಅವರದೇ ಆದ ಕಥೆ ಅದು.

18 ತುಂಬಿದ ದಿನ ಕಾನೂನಿನ ದೃಷ್ಟಿಯಲ್ಲಿ ತಂದೆತಾಯಿಯ ಸಹಿ ನಿಲ್ಲುತ್ತದೆ. ಬ್ಯಾಂಕಿನಲ್ಲಿ ಇದು ಮೊದಲು ಗೊತ್ತಾಗುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಪಾಲಕರನ್ನು ನೇಮಿಸುತ್ತದೆ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ವಿಕಲಚೇತನ ವ್ಯಕ್ತಿ ಇವರು ಅದರ ಸದಸ್ಯರು. ಇದೇ ನಾಲ್ಕು ಗುಂಪಿಗೆ ಅನ್ವಯಿಸುವ ‘ನಿರಾಮಯ’ ವಿಮೆ ವರ್ಷಕ್ಕೆ 1 ಲಕ್ಷದವರೆಗೆ ಖರ್ಚು ಕೊಡುತ್ತದೆ. ಥೆರಪಿಯೂ ಅದರಲ್ಲಿ ಸೇರಿದೆ.

ಪಾಲಕತ್ವವನ್ನು ಬ್ಯಾಂಕಿನ ಮ್ಯಾನೇಜರು ಕೇಳಿದರೆಂದು ಮಾತ್ರ ಮಾಡಿಸುವವರು ಹೆಚ್ಚು. ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಸೆಕ್ಷನ್ 14 ಅಷ್ಟು ಸಡಿಲವಾಗಿಲ್ಲ. ಈ ವ್ಯಕ್ತಿಗೆ ಪಾಲಕರು ಬೇಕೇ, ಬೇಕಾದರೆ ಯಾವ ಉದ್ದೇಶಕ್ಕೆ ಎಂಬ ಎರಡನ್ನೂ ಸಮಿತಿ ನೋಡಬೇಕು. ಪಾಲಕರು ಏನು ಮಾಡಬೇಕೆಂಬುದು ಆದೇಶದಲ್ಲಿ ಬರೆದಿರಬೇಕು. ನೇಮಕವಾದ ಆರು ತಿಂಗಳೊಳಗೆ ಆಸ್ತಿಯ ಪಟ್ಟಿ, ಆಮೇಲೆ ವರ್ಷ ವರ್ಷವೂ ಲೆಕ್ಕಪತ್ರ ಕೊಡಬೇಕು. ಹಾಗಾಗಿ ಸಮಿತಿಯ ಮುಂದೆ ಹೋಗುವ ಫೈಲಿನಲ್ಲಿ ಮತ್ತೆ ಅದೇ ಬಗೆಯ ಹಾಳೆ ಇರಬೇಕಾಗುತ್ತದೆ: ಮಗ ಬಸ್ಸಿನಲ್ಲಿ ಒಬ್ಬನೇ ಹೋಗಿಬರುತ್ತಾನೆ, ಚಿಲ್ಲರೆ ಎಣಿಸುತ್ತಾನೆ, ನೂರು ರೂಪಾಯಿ ಮೀರಿದ ಲೆಕ್ಕ ಆಗುವುದಿಲ್ಲ, ತನ್ನ ಸಹಿ ತಾನು ಹಾಕುತ್ತಾನೆ, ಏಕೆ ಹಾಕಿದನೆಂದು ಕೇಳಿದರೆ ಹೇಳಲಾರ.